ಹೊರಟಪ್ಪ

ನೆಲದ ಮೇಲಿನ ಯಾವ ಕುರ್ಚಿಯಲ್ಲೂ ನನ್ನ ಚಿಕ್ಕಪ್ಪ ಬೆನ್ನು ಆನಿಸಿ ಕೂತದ್ದನ್ನು ನಾನು ಕಂಡವಳಲ್ಲ. ಯಾರ ಮನೆಗೆ ಹೋದರೂ ಬಾಗಿಲಿಗೆ ಅತ್ಯಂತ ಸಮೀಪದ ಆಸನವನ್ನೇ ಹುಡುಕಿ, ಅದರ ಅಂಚಿನಲ್ಲಿ ಅರೆಬರೆ ಕೂತು, ಎಡಗಾಲಿನ ಹಿಮ್ಮಡಿಯನ್ನು ನೆಲದಿಂದ ಎರಡು ಬೆರಳಷ್ಟು ಎತ್ತಿ ಹಿಡಿದು, ಆಸ್ಪತ್ರೆಯ ಮೊಗಸಾಲೆಯಲ್ಲಿ ತನ್ನ ಹೆಸರು ಕೂಗುವುದನ್ನೇ ಕಾಯುವ ರೋಗಿಯಂತೆ ಒಂದು ಕಿವಿಯನ್ನು ಸದಾ ಹೊರಗೇ ಬಿಟ್ಟಿರುತ್ತಿದ್ದ. ಚಪ್ಪಲಿಯನ್ನು ಬೀದಿಗೆ ಮುಖ ಮಾಡಿಯೇ ಕಳಚುತ್ತಿದ್ದ. ಹೊರಡುವಾಗ ಅದನ್ನು ತಿರುಗಿಸುವ ಅರೆಕ್ಷಣವೂ ಅವನ ಪಾಲಿಗೆ ದಂಡ. ಬೆಂಕಿ ಸುರಿಯುವ ಬಿಸಿಲಿನಲ್ಲೂ ಮೈಮೇಲೆ ಹಳದಿ ಬಣ್ಣ ಮಾಸಿ ಬೂದಿಗೆ ತಿರುಗಿದ್ದ ಒಂದು ರೇನ್‌ಕೋಟು. ಅದರ ಜೇಬುಗಳಲ್ಲಿ ಹಗ್ಗದ ತುಂಡು, ಸ್ಪ್ಯಾನರು, ನಾಲ್ಕು ಮಡಿಕೆಯ ನಕ್ಷೆ, ಒಮ್ಮೊಮ್ಮೆ ಒಂದು ಹಸಿ ಈರುಳ್ಳಿ. ಎದುರಿನವರು ಮದುವೆಯ ಸುದ್ದಿ ಹೇಳಲಿ, ಮೂಲವ್ಯಾಧಿಯ ಕಷ್ಟ ಹೇಳಲಿ, ಅರ್ಧ ಕೇಳಿ ಮುಗಿಸುವಷ್ಟರಲ್ಲಿ ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಆಯ್ತಲ್ಲ, ಇನ್ನೇನು?"

ಬೆಚ್ಚನೆಯ ಕಡಲಿನಲ್ಲಿ ಹರಿದ ಮಾಲೆಯ ಮಣಿಗಳಂತೆ ಚೆಲ್ಲಿಬಿದ್ದ ದ್ವೀಪಗಳ ನಡುವೆ, ಇಪ್ಪತ್ತೆಂಟು ಅಡಿ ಉದ್ದದ ಒಂದು ಹಾಯಿದೋಣಿಯಲ್ಲಿ, ಅವನು ಇಪ್ಪತ್ತೈದು ವರ್ಷಗಳಿಂದ ಅಲೆಯುತ್ತಿದ್ದಾನೆ. ಮೀನು ಹಿಡಿಯುವುದಕ್ಕೂ ಅಲ್ಲ, ಸರಕು ಸಾಗಿಸುವುದಕ್ಕೂ ಅಲ್ಲ. ಒಂದು ದ್ವೀಪದಲ್ಲಿ ಯಾರದೋ ನೀರಿನ ಪಂಪು ರಿಪೇರಿ ಮಾಡಿಕೊಟ್ಟು, ಇನ್ನೊಂದರಲ್ಲಿ ಯಾರದೋ ಜನರೇಟರಿಗೆ ಜೀವ ಬರಿಸಿ, ಅಕ್ಕಿ ಬೇಳೆ ತುಂಬಿಸಿಕೊಂಡು ಮುಂದಿನದಕ್ಕೆ ನಡೆಯುವುದು, ಅಷ್ಟೇ. ದೋಣಿ ನಿಲ್ಲುವ ಧಕ್ಕೆಗಳಲ್ಲಿ ಹಗ್ಗ ಹಿಡಿಯುವ ಜನ ಅವನಿಗಿಟ್ಟ ಹೆಸರು ಹೊರಟಪ್ಪ. ಅವನು ಬಂದು ಇಳಿದಾಗಲೂ "ಹೊರಟಪ್ಪ ಬಂದ" ಎಂದೇ ಕೂಗುತ್ತಿದ್ದರು. ಮೂವತ್ತು ವರ್ಷ ಒಂದೇ ಅಚ್ಚುಮನೆಯಲ್ಲಿ, ಒಂದೇ ಗೋಡೆಗೆ ಮುಖ ಮಾಡಿ, ಪರರ ಕರಡು ತಿದ್ದಿದ ನನಗೆ ಅರ್ಥದ ದೃಷ್ಟಿಯಿಂದ ಆ ವಾಕ್ಯವನ್ನು ಒಪ್ಪಲಾಗದು. ಆದರೆ ಅದರಲ್ಲಿ ಒಂದಕ್ಷರ ತಿದ್ದಲೂ ನನಗೆ ಮನಸ್ಸು ಬಾರದು.

ಕಡಲಿಗೆ ಇಳಿಯುವ ಮೊದಲು ಅವನು ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಇಪ್ಪತ್ತೆರಡು ವರ್ಷ ನಗರದ ಎತ್ತರದ ಕಟ್ಟಡಗಳ ಕತ್ತಲೆಯ ಕೊಳವೆಗಳಲ್ಲಿ ಗ್ರೀಸು ಮೆತ್ತಿದ ತಂತಿಹಗ್ಗಗಳ ನಡುವೆ ಹತ್ತಿ ಇಳಿದು ಕೆಲಸ ಮಾಡಿದವನು. ಒಂದು ಮಧ್ಯಾಹ್ನ ಆರನೆಯ ಮತ್ತು ಏಳನೆಯ ಮಹಡಿಗಳ ನಡುವೆ ಲಿಫ್ಟು ಕೆಟ್ಟು ಅವನೇ ಒಳಗೆ ಸಿಕ್ಕಿಬಿದ್ದ. ಬಿಡಿಭಾಗ ತರಲು ಹೋದ ಜೊತೆಗಾರ ಮರಳಿ ಬರುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿತ್ತು. ಬಾಗಿಲು ತೆರೆದಾಗ ಚಿಕ್ಕಪ್ಪ ಗೋಡೆಗೆ ಹಣೆ ಒತ್ತಿ ನಿಂತಿದ್ದನಂತೆ. ಹೊರಗೆ ಬಂದವನು ಉಪಕರಣದ ಚೀಲವನ್ನು ಜೊತೆಗಾರನ ಕೈಗಿತ್ತು, ಮೆಟ್ಟಿಲಿಳಿದು, ಮನೆಗೆ ಬಂದು ಹೆಂಡತಿಗೆ ಹೇಳಿದ: "ಇಷ್ಟು ವರ್ಷ ಮೇಲೆ ಕೆಳಗೆ ಓಡಾಡಿದ್ದಾಯ್ತು. ಇನ್ನು ಸ್ವಲ್ಪ ಆ ಕಡೆ ಈ ಕಡೆ ಓಡಾಡ್ತೀನಿ."

ಹಡಗುಕಟ್ಟೆಯ ಹಿಂದಿನ ಬಯಲಿನಲ್ಲಿ ಕವುಚಿ ಬಿದ್ದು, ಹೊಟ್ಟೆಯಲ್ಲಿ ಹುಲ್ಲು ಬೆಳೆಸಿಕೊಂಡಿದ್ದ ಒಂದು ಹಳೆಯ ದೋಣಿಯನ್ನು ಅವನು ಹುಡುಕಿ ತಂದದ್ದು ಆಗಲೇ. ವಿಷಯ ತಿಳಿದ ನಮ್ಮಪ್ಪ, ಎಂದರೆ ಅವನ ಅಣ್ಣ, "ಇರಲಾರದೆ ಇರುವೆ ಬಿಟ್ಕೊಂಡ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು. ಚಿಕ್ಕಮ್ಮ ಹಾಯಿಗೆ ಎಷ್ಟು ಬಟ್ಟೆ ಬೇಕೆಂದು ಮಾತ್ರ ಕೇಳಿದಳು. ಆಕೆ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವಳು. ಅಳತೆಯ ಟೇಪು ಕೊರಳಿನಿಂದ ಇಳಿದದ್ದಿಲ್ಲ. ಹೊಲಿಗೆಯ ಕೊನೆಗೆ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕತ್ತರಿಸಿ, ಬಟ್ಟೆಯನ್ನು ಮಡಿಸಿಟ್ಟ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುವ ನಿಧಾನಿ. ಎರಡು ವರ್ಷ ಅವನು ಹಲಗೆ ಕೆತ್ತಿ ಸಂದು ಮುಚ್ಚಿದ. ಆಕೆ ಸಮವಸ್ತ್ರ ಹೊಲಿಯುವ ಅದೇ ಮೆಷಿನ್ನಿನಲ್ಲಿ, ಮೂರು ಸೂಜಿ ಮುರಿದು, ಎರಡು ಹಾಯಿ ಹೊಲಿದಳು. ಎಂಜಿನ್ ಕೂರಿಸಲಿಲ್ಲ. "ಯಂತ್ರದ ಸಹವಾಸ ಸಾಕು" ಎಂದು, ಎಂಜಿನ್ನಿನ ಜಾಗದಲ್ಲಿ ಅವನು ನೀರಿನ ತೊಟ್ಟಿ ಇಟ್ಟ. ಮಕ್ಕಳಿರಲಿಲ್ಲ. ಮನೆಯ ಬೀಗದ ಕೈಯನ್ನು ನಮ್ಮಜ್ಜಿಗೆ ಕೊಟ್ಟು, ಮೆಷಿನ್ನನ್ನು ದೋಣಿಯ ಒಳಕೋಣೆಗೆ ಹಗ್ಗದಿಂದ ಬಿಗಿದು, ಗಂಡ ಹೆಂಡಿರು ಹೊರಟೇಬಿಟ್ಟರು.

ಅವರ ಅಲೆದಾಟಕ್ಕೆ ಒಂದು ನಿಯಮವಿತ್ತು: ಯಾವ ದ್ವೀಪದಲ್ಲೂ ಮೂರು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಮೊದಲನೆಯ ದಿನ ನೀರು ತುಂಬಿ, ದೋಣಿಯ ಗಾಯಗಳನ್ನು ನೋಡುವುದು. ಎರಡನೆಯ ದಿನ ಊರು ನೋಡುವುದು. ಮೂರನೆಯ ದಿನ ಆಕಾಶ ನೋಡುವುದು. ನಾಲ್ಕನೆಯ ಬೆಳಗು ಮೂಡಿತೆಂದರೆ ಚಿಕ್ಕಪ್ಪನ ಕಿವಿಗಳು ಕೆಂಪಾಗುತ್ತಿದ್ದವು. ಇದು ಉತ್ಪ್ರೇಕ್ಷೆಯಲ್ಲ, ಅಚ್ಚುಮನೆಯಿಂದ ಹರಸಾಹಸದಿಂದ ರಜೆ ಪಡೆದು ಹನ್ನೊಂದು ದಿನ ಅವರ ಜೊತೆ ಹೋದಾಗ ನಾನೇ ಕಣ್ಣಾರೆ ಕಂಡದ್ದು.

ಆ ಹನ್ನೊಂದು ದಿನಗಳಲ್ಲಿ ಮೊದಲ ಒಂದೂವರೆ ದಿನ ನಾನು ಬಕೆಟ್ಟಿನ ಸಖ್ಯದಲ್ಲಿ ಕಳೆದೆ. ಆಮೇಲೆ ತಲೆ ಎತ್ತಿ ನೋಡಿದರೆ, ದ್ವೀಪದ ಸುತ್ತ ಗೋಡೆ ಕಟ್ಟಿದಂತಿದ್ದ ಹವಳದ ದಿಬ್ಬದ ಒಂದು ಕಿರಿದಾದ ಸಂದಿನಿಂದ ದೋಣಿ ಹೊರಬೀಳುತ್ತಿತ್ತು. ಮುಂದಿನ ತುದಿಯಲ್ಲಿ ಚಿಕ್ಕಮ್ಮ ಹಾಯಿಕಂಬದ ತಂತಿ ಹಿಡಿದು ನೀರನ್ನು ದಿಟ್ಟಿಸುತ್ತ ನಿಂತಿದ್ದಳು. "ಕಂದು ಕಂಡ್ರೆ ಕಲ್ಲು, ಹಸಿರು ಕಂಡ್ರೆ ಮರಳು, ನೀಲಿ ಕಂಡ್ರೆ ಉಸಿರು ಬಿಡು" ಎಂದು ನನಗೆ ಪಾಠ ಹೇಳುತ್ತಲೇ, ಎಡಗೈ ಎತ್ತಿದರೆ ಎಡಕ್ಕೆ, ಬಲಗೈ ಎತ್ತಿದರೆ ಬಲಕ್ಕೆ, ಒಂದು ಮಾತಿಲ್ಲದೆ ಗಂಡನನ್ನು ತಿರುಗಿಸುತ್ತಿದ್ದಳು. ನೀಲಿ ಬಂತು. ದಡ ಹಿಂದೆ ಸರಿದು ಒಂದು ಗೆರೆಯಾಯಿತು, ಗೆರೆ ಕರಗಿತು. ಆಗ ನಾನು ಹಿಂದಿರುಗಿ ನೋಡಿದರೆ, ಚುಕ್ಕಾಣಿಯ ಹಿಡಿಯನ್ನು ಕಂಕುಳಲ್ಲಿ ಇರುಕಿಕೊಂಡ ಚಿಕ್ಕಪ್ಪ ದೋಣಿಯ ಅಂಚಿಗೆ ಸಂಪೂರ್ಣ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ, ಊಟ ಮುಗಿಸಿದ ಜಮೀನ್ದಾರನಂತೆ ಆಸೀನನಾಗಿದ್ದ! ಕಾಲ ಕೆಳಗಿನ ನೆಲವೇ ಓಡುತ್ತಿರುವಾಗ ತಾನು ಓಡಬೇಕಾದ ಹೊಣೆಯಿಂದ ಬಿಡುಗಡೆ ಸಿಕ್ಕಿದ ಮನುಷ್ಯನ ಮುಖ ಅದು. ಆದರೆ ಆ ನೆಮ್ಮದಿಯ ಆಯುಷ್ಯ ಅಲ್ಪ. ಮರುದಿನ ಮಧ್ಯಾಹ್ನ ದಿಗಂತದಲ್ಲಿ ಮುಂದಿನ ದ್ವೀಪದ ತೆಂಗಿನ ತಲೆಗಳು ಕಂಡದ್ದೇ ತಡ, ಅವನ ಹಿಮ್ಮಡಿ ತಾನಾಗಿ ಮೇಲೆದ್ದಿತು. ಇಳಿಯುವ ಮೊದಲೇ ನಕ್ಷೆ ಬಿಚ್ಚಿ ಅದರಾಚೆಯ ದ್ವೀಪದ ಮೇಲೆ ಬೆರಳಿಟ್ಟ.

"ನಿಮ್ಮ ಚಿಕ್ಕಪ್ಪನಿಗೆ ಊರು ಸೇರೋದು ಬೇಕಿಲ್ಲ ಕಣೇ," ಎಂದಳು ಚಿಕ್ಕಮ್ಮ, ತೂಗಾಡುವ ಸ್ಟೌವಿನ ಮೇಲೆ ಟೀ ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು. "ಊರು ದೂರದಿಂದ ಕಾಣಿಸ್ತಾ ಇದ್ರೆ ಸಾಕು."

ಗಾಳಿ ಬಿದ್ದುಹೋದ ಎರಡು ದಿನಗಳನ್ನು ನಾನು ಮರೆಯಲಾರೆ. ಕಡಲು ಎಣ್ಣೆಯಂತೆ ಮಲಗಿತ್ತು. ಹಾಯಿ ಒಗೆದು ಹರವಿದ ಪಂಚೆಯಂತೆ ನೇತಾಡುತ್ತಿತ್ತು. ಮೊದಲ ದಿನ ಚಿಕ್ಕಪ್ಪ ಡಬ್ಬಗಳನ್ನೆಲ್ಲ ಹೊರಗೆ ತೆಗೆದು ಮತ್ತೆ ಜೋಡಿಸಿದ. ನಕ್ಷೆಗಳ ಮಡಿಕೆಗಳನ್ನು ಬದಲಾಯಿಸಿದ. ಕಡಲಿಗೆ ಬಾಯಿಗೆ ಬಂದಂತೆ ಬೈದ. ಎರಡನೆಯ ದಿನ ಕೋಟು ಕಳಚಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೀರಿಗೆ ಹಾರಿ, ಇಡೀ ದೋಣಿಯನ್ನು ಈಜಿ ಎಳೆಯತೊಡಗಿದ. ನನಗೆ ಗಾಬರಿ. ಚಿಕ್ಕಮ್ಮ ಈರುಳ್ಳಿ ಹೆಚ್ಚುತ್ತಲೇ ಕೂಗಿದಳು: "ಎಳೀರಿ, ಎಳೀರಿ! ಸಂಜೆ ಹೊತ್ತಿಗೆ ಒಂದು ಮಾರು ಮುಂದೆ ಹೋಗಿರ್ತೀವಿ!" ಅರ್ಧ ಗಂಟೆಯ ನಂತರ ಅವನು ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದ. ನಾಚಿಕೆಯ ಲವಲೇಶವೂ ಇರಲಿಲ್ಲ. "ಸ್ವಲ್ಪ ಸರಿದಿದೆ," ಎಂದ.

ನಗುವುದಕ್ಕೆ ಇಂಥವು ಬೇಕಾದಷ್ಟಿವೆ. ನಗಲಾಗದ್ದೂ ಒಂದು ಆ ಪ್ರಯಾಣದಲ್ಲೇ ನಡೆಯಿತು. ಒಂದು ಪುಟ್ಟ ದ್ವೀಪದಲ್ಲಿ ದೀಪಸ್ತಂಭ ನೋಡಿಕೊಳ್ಳುವ ಮುದುಕನೊಬ್ಬ ಒಬ್ಬಂಟಿಯಾಗಿದ್ದ. ಆರು ತಿಂಗಳಿಂದ ಹೊರಗಿನವರ ಮುಖ ನೋಡಿರದ ಅವನು ನಮ್ಮನ್ನು ಕಂಡು, ಮಾತಾಡುವುದೋ ಅಳುವುದೋ ತಿಳಿಯದೆ, ಗೋಡೆಯ ಮೇಲಿನ ಕ್ಯಾಲೆಂಡರನ್ನು ತೋರಿಸಿದ. ಆಚೆ ನಾಡಿದ್ದು ಸಾಮಾನಿನ ಹಡಗು ಬರುತ್ತದೆ, ಹಿಟ್ಟು ಬರುತ್ತದೆ, ಸಕ್ಕರೆ ಬರುತ್ತದೆ, ಅಂದು ಮಧ್ಯಾಹ್ನ ನೀವು ಇಲ್ಲೇ ಊಟ ಮಾಡಬೇಕು ಎಂದ. ಅದು ನಮ್ಮ ನಾಲ್ಕನೆಯ ದಿನ. ಚಿಕ್ಕಪ್ಪ ಧಾರಾಳವಾಗಿ "ಆಯ್ತು, ಬಂದೇ ಬರ್ತೀವಿ" ಎಂದ. ಆದರೆ ಆ ದಿನ ಬೆಳಗಾಗುವಾಗ ಲಂಗರಿನ ಸರಪಳಿಯ ಸದ್ದಿಗೆ ನನಗೆ ಎಚ್ಚರವಾಯಿತು. ಗಾಳಿ ಒಳ್ಳೆಯದಿತ್ತಂತೆ, ತಪ್ಪಿದರೆ ಮತ್ತೆ ಸಿಗದಂತೆ. ದೀಪಸ್ತಂಭದ ಬುಡದಲ್ಲಿ ಮುದುಕ ಕೈ ಬೀಸಲೂ ತೋಚದೆ ನಿಂತದ್ದು ನನಗೆ ಕಂಡಿತು. ಚಿಕ್ಕಮ್ಮನಿಗೂ ಕಂಡಿತು.

"ಅವರು ನಿನ್ನೆನೇ ನಾಲ್ಕು ತಟ್ಟೆ ತೊಳೆದಿಟ್ಟಿದ್ರು ರೀ," ಎಂದಳು. ಆಮೇಲೆ ಎರಡು ದಿನ ಗಂಡನ ಹತ್ತಿರ ಮಾತಾಡಲಿಲ್ಲ.

ಅದಾದ ವರ್ಷವೇ ಅಜ್ಜಿ ಹಾಸಿಗೆ ಹಿಡಿದಳು. ಸುದ್ದಿ ಚಿಕ್ಕಪ್ಪನಿಗೆ ಒಂದು ದೊಡ್ಡ ದ್ವೀಪದ ಬಂದರು ಕಚೇರಿಯಲ್ಲಿ ಫೋನಿನ ಮೂಲಕ ಸಿಕ್ಕಿತು. ಅದೇ ಸಂಜೆ ಪ್ರಯಾಣಿಕರ ಹಡಗು ಹೊರಡುವುದರಲ್ಲಿತ್ತು. ಹತ್ತಿ ಕೂತಿದ್ದರೆ ಮರುದಿನ ಮಧ್ಯಾಹ್ನಕ್ಕೆ ಮನೆಯಲ್ಲಿರಬಹುದಿತ್ತು. ಚಿಕ್ಕಮ್ಮ ಕೈಮುಗಿದು ಹೇಳಿದಳಂತೆ. ಅವನು ಹಡಗಿನ ಏಣಿಯವರೆಗೆ ಹೋಗಿ, ಕಬ್ಬಿಣದ ಗೋಡೆಗಳ ನಡುವೆ ಸಾಲಾಗಿ ಕೂತಿದ್ದ ಜನರನ್ನು ನೋಡಿ, ಹಣೆಯ ಬೆವರು ಒರೆಸಿಕೊಂಡು ಹಿಂದಿರುಗಿ ಬಂದು ತನ್ನ ದೋಣಿಯ ಹಗ್ಗ ಬಿಚ್ಚಿದ. ಎದುರುಗಾಳಿ. ಒಂದು ದಿನದ ದಾರಿಗೆ ಆರು ದಿನ ಹಿಡಿಯಿತು. ಅವನು ಬಾಗಿಲಿಗೆ ಬಂದು ನಿಂತಾಗ ಅಜ್ಜಿ ಇಲ್ಲವಾಗಿ ನಾಲ್ಕು ದಿನ ಕಳೆದಿತ್ತು.

ಕೊನೆಯ ದಿನ ಆಕೆ ಹಲವು ಸಲ ಬಾಗಿಲ ಕಡೆಗೆ ಕಣ್ಣು ಹೊರಳಿಸಿದ್ದನ್ನು ನಾನು ನೋಡಿದ್ದೆ. ಅದನ್ನು ಅವನಿಗೆ ಹೇಳಬಾರದೆಂದುಕೊಂಡಿದ್ದೆ. ಅಪ್ಪ ಹೇಳಿಬಿಟ್ಟರು. ಹೇಳಿ, ಧ್ವನಿ ಏರಿಸದೆ ಕೇಳಿದರು: "ಒಂದು ದಿನ ಕೂತಿರೋಕೆ ಆಗಲಿಲ್ವೇನೋ ನಿನಗೆ? ಅಮ್ಮನಿಗೋಸ್ಕರ, ಒಂದೇ ಒಂದು ದಿನ?"

ಚಿಕ್ಕಪ್ಪ ಆ ಹೊತ್ತು "ಆಯ್ತಲ್ಲ" ಎನ್ನಲಿಲ್ಲ. ಬಚ್ಚಲ ಮನೆಗೆ ಹೋಗಿ, ಬಹುಕಾಲದಿಂದ ಸೋರುತ್ತಿದ್ದ ನಲ್ಲಿಯನ್ನು ಬಿಚ್ಚಿ, ವಾಷರ್ ಬದಲಾಯಿಸಿ, ಕೈ ಒರೆಸಿಕೊಂಡು ಹೊರಟುಹೋದ. ನಾನು ಧಕ್ಕೆಯವರೆಗೆ ಹೋಗಿದ್ದೆ. ಅಪ್ಪ ಆಮೇಲೆ ಅವನ ಹೆಸರೆತ್ತುವುದನ್ನೇ ನಿಲ್ಲಿಸಿದರು.

ದೋಣಿಯ ಬಾಳಿನ ಆರನೆಯ ವರ್ಷ ಚಿಕ್ಕಮ್ಮ ಇಳಿದಳು. ಜಗಳವಿಲ್ಲ, ಕಣ್ಣೀರಿಲ್ಲ. ಸಾಧಾರಣ ದೊಡ್ಡದೆನ್ನಬಹುದಾದ ಒಂದು ದ್ವೀಪದ ಧಕ್ಕೆಯ ಹತ್ತಿರ, ಸೈಕಲ್ ರಿಪೇರಿ ಅಂಗಡಿಯ ಮೇಲ್ಮಹಡಿಯಲ್ಲಿ, ಬಂದರಿಗೆ ಕಿಟಕಿಯಿದ್ದ ಎರಡು ಕೋಣೆಗಳನ್ನು ನೋಡಿ ಬಂದು ಹೇಳಿದಳು: "ನಾನು ಇಲ್ಲೇ ಇಳೀತೀನಿ ರೀ. ನನ್ನ ಮೆಷಿನ್ನು ಅಲುಗಾಡದ ನೆಲದ ಮೇಲೆ ಇರಬೇಕು. ನೀವು ಬರ್ತಾ ಇರಿ."

ಮೆಷಿನ್ನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿಸಿದವನು ಅವನೇ. ಬೆಳಕು ಎಡದಿಂದ ಬೀಳುವಂತೆ ಕಿಟಕಿಯ ಬಳಿ ಇಟ್ಟು, ಕುಳ್ಳಗಿದ್ದ ಒಂದು ಕಾಲಿನ ಕೆಳಗೆ ಕಾಗದ ಮಡಿಸಿ ತುರುಕಿ, ಅಲುಗಾಡಿಸಿ ನೋಡಿ, ತೃಪ್ತನಾಗಿ ಇಳಿದು ಹೋದ. ಅಂದಿನಿಂದ ಐದು ವಾರಕ್ಕೊಮ್ಮೆ ಅವನ ಮಾಸಿದ ಹಾಯಿ ಆ ಬಂದರಿನ ಬಾಯಲ್ಲಿ ಕಾಣಿಸಿಕೊಳ್ಳುತ್ತಿತ್ತು, ಮೂರು ದಿನ ಇರುತ್ತಿತ್ತು, ನಾಲ್ಕನೆಯ ಬೆಳಗು ಇರುತ್ತಿರಲಿಲ್ಲ. ಬೀದಿಯವರು ಅದನ್ನು 'ಮೂರು ದಿನದ ಸಂಸಾರ' ಎಂದು ಕರೆದು ಕೆಲವು ಕಾಲ ನಕ್ಕರು. ಆಮೇಲೆ, ಮೂವತ್ತು ದಿನವೂ ಒಂದೇ ಸೂರಿನಡಿ ಇರುವ ತಮ್ಮ ಸಂಸಾರಗಳ ಬಿಸಿ ತಾಗಿದಾಗಲೆಲ್ಲ, ನಗುವುದನ್ನು ಕಡಿಮೆ ಮಾಡಿದರು.

ಹೀಗೆ ಹಲವು ವರ್ಷ ನಡೆದ ಮೇಲೆ ಒಂದು ಮುಂಜಾನೆ ಚಿಕ್ಕಮ್ಮ ಹೊಲಿದ ಬಟ್ಟೆಯ ಗಂಟು ಹಿಡಿದು ಮೆಟ್ಟಿಲಿಳಿಯುತ್ತ ಜಾರಿ ಬಿದ್ದಳು. ಬಲಗಾಲಿನಲ್ಲಿ, ಮಂಡಿಯ ಕೆಳಗೆ, ಎರಡೂ ಎಲುಬು ಮುರಿದವು. ಸೈಕಲ್ ಅಂಗಡಿಯವನೇ ಎತ್ತಿಕೊಂಡು ಹೋಗಿ ಚಿಕಿತ್ಸಾಲಯಕ್ಕೆ ಸೇರಿಸಿ ನನಗೆ ಫೋನು ಮಾಡಿದ. ತೊಡೆಯಿಂದ ಬೆರಳಿನವರೆಗೆ ಪ್ಲಾಸ್ಟರು ಹಾಕಿದ ಡಾಕ್ಟರು, ಆರು ವಾರ ಕಾಲು ನೆಲಕ್ಕೆ ತಾಗಕೂಡದು, ಎತ್ತರದಲ್ಲೇ ಇರಬೇಕು ಎಂದು ಹೇಳಿ ಮನೆಗೆ ಕಳಿಸಿದ್ದರು. ಅದೃಷ್ಟಕ್ಕೆ ಅದು ಐದನೆಯ ವಾರ. ಬಿದ್ದ ಮರುದಿನವೇ ಹೊರಟಪ್ಪ ಬಂದಿದ್ದ. ಹಡಗು ಹಿಡಿದು ನಾನು ತಲುಪುವಾಗ ಅವನದು ಮೂರನೆಯ ದಿನ ಮುಗಿಯುತ್ತಿತ್ತು. ಅವನು ಬಾಗಿಲ ಬಳಿಯ ಸ್ಟೂಲಿನ ಅಂಚಿನಲ್ಲಿದ್ದ. ಕಿವಿಗಳಿಗೆ ಬಣ್ಣ ಏರತೊಡಗಿತ್ತು. "ನೀನು ಬಂದೆಯಲ್ಲ, ಸರಿ ಹೋಯ್ತು," ಎಂದ. ಆ 'ಸರಿ ಹೋಯ್ತು' ಎಂಬ ಮಾತಿನ ಅರ್ಥ ನನಗೂ ತಿಳಿಯಿತು, ಹಾಸಿಗೆಯ ಮೇಲಿದ್ದವಳಿಗೂ ತಿಳಿಯಿತು. ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು.

ನಾಲ್ಕನೆಯ ಬೆಳಗು ನಾನು ಕಣ್ಣು ಬಿಟ್ಟಾಗ ಸ್ಟೂಲು ಖಾಲಿ. ಕಿಟಕಿಯಿಂದ ನೋಡಿದರೆ, ಅವನು ದೋಣಿಯ ಮೇಲೆ ನಿಂತು ಹಾಯಿಯ ಹಗ್ಗಗಳಲ್ಲಿ ಕೈ ಆಡಿಸುತ್ತಿದ್ದ. ಗಾಳಿ ದಡದಿಂದ ಕಡಲಿಗೆ ಬೀಸುತ್ತಿತ್ತು. ಹೊರಡುವವರಿಗೆ ಹೇಳಿಮಾಡಿಸಿದ ಗಾಳಿ. ಚಿಕ್ಕಮ್ಮ ಮಲಗಿದಲ್ಲಿಂದಲೇ ಕೇಳಿದಳು: "ಹೊರಟರಾ?" ನಾನು ಆಕೆಯ ಹೊದಿಕೆ ಸರಿಮಾಡುತ್ತಿರುವಾಗ ಮೆಟ್ಟಿಲ ಮೇಲೆ ಏನನ್ನೋ ಎಳೆದು ತರುವ ಸದ್ದಾಯಿತು. ಬಾಗಿಲಲ್ಲಿ ಮೊದಲು ಕಂಡದ್ದು ಮಡಿಸಿದ ಹಾಯಿಬಟ್ಟೆಯ ದೊಡ್ಡ ಸುರುಳಿ. ಅದರ ಕೆಳಗೆ ಅವನ ಕಾಲುಗಳು. ಅದನ್ನು ಕೆಡವಿ ಮತ್ತೆ ಇಳಿದು ಹೋಗಿ ಎರಡನೆಯದನ್ನೂ ತಂದ. ನನಗೆ ಹಾಸಿಗೆಯ ಕಾಲ್ದೆಸೆ ಎತ್ತಿ ಹಿಡಿಯಲು ಸನ್ನೆ ಮಾಡಿ, ಎರಡೂ ಹಾಯಿಗಳನ್ನು ಅದರ ಕೆಳಗೆ ಒತ್ತಿ ಒತ್ತಿ ತುರುಕಿದ.

"ಏನ್ರೀ ಇದು?"

"ಡಾಕ್ಟರು ಕಾಲು ಎತ್ತರದಲ್ಲಿ ಇರಲಿ ಅಂದ್ರಲ್ಲ."

"ಅದಕ್ಕೆ ದಿಂಬು ಇದೆಯಲ್ಲ."

"ದಿಂಬು ಜಾರುತ್ತೆ."

ಚಿಕ್ಕಮ್ಮ ಕತ್ತು ಎತ್ತಿ ಹಾಸಿಗೆಯ ಕೆಳಗಿನ ಸುರುಳಿಗಳನ್ನು ನೋಡಿದಳು. "ಹಾಯಿ ಇಲ್ಲದೆ ದೋಣಿ ಏನು ಮಾಡುತ್ತೆ?"

"ಇರುತ್ತೆ," ಎಂದ.

ಇರುವುದು ಎಂಬ ಕ್ರಿಯಾಪದ ಇಷ್ಟು ಕಷ್ಟದ್ದೆಂದು, ಲಕ್ಷಾಂತರ ಪದಗಳ ಮೇಲೆ ಪೆನ್ಸಿಲ್ ಓಡಿಸಿದ ನನಗೆ ಆ ಆರು ವಾರಗಳವರೆಗೆ ಗೊತ್ತಿರಲಿಲ್ಲ. ನನಗೆ ರಜೆ ಇದ್ದದ್ದು ಹತ್ತು ದಿನ. ಬೇಡಿ ಕಾಡಿ ಒಂದು ತಿಂಗಳು ಮಾಡಿಕೊಂಡೆ. ಹೆಂಡತಿಯ ಹತ್ತಿರ ಅವನು ಕೂರುತ್ತಿದ್ದನೆಂದು ಯಾರೂ ಭಾವಿಸಬಾರದು. ಅಡಿಗೆ ಮಾಡಿದ, ಬಟ್ಟೆ ಒಗೆದ, ಮಂಚದ ಪಕ್ಕದಲ್ಲಿ ಪಾತ್ರೆ ಹಿಡಿದು ನಿಲ್ಲುವ ಕೆಲಸವನ್ನೂ ಅಸಹ್ಯವಿಲ್ಲದೆ ಮಾಡಿದ. ಉಳಿದ ಹೊತ್ತೆಲ್ಲ ನಡೆದ. ಕೋಣೆಯ ಉದ್ದ ಒಂಬತ್ತು ಹೆಜ್ಜೆ. ಮೇಜು ಸರಿಸಿದರೆ ಹನ್ನೊಂದು ಹೆಜ್ಜೆಯಾಗುವುದನ್ನು ಕಂಡುಹಿಡಿದು ಮೇಜು ಸರಿಸಿದ; ಬೀರು ತಿರುಗಿಸಿದ; ಸಂಜೆಗೆ ಎಲ್ಲವನ್ನೂ ಮತ್ತೆ ಮೊದಲಿನ ಸ್ಥಾನಕ್ಕೆ ತಂದ. ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಿರುಗುಟ್ಟುವ ಬಾಗಿಲು, ನಿಂತ ಫ್ಯಾನು, ಸೋರುವ ನಲ್ಲಿ ಒಂದೂ ಉಳಿಯದಂತೆ ರಿಪೇರಿಯಾದವು. ಕೆಟ್ಟದ್ದೆಲ್ಲ ಮುಗಿದ ಮೇಲೆ ಸರಿಯಾಗಿದ್ದದ್ದನ್ನೂ ಬಿಚ್ಚತೊಡಗಿದಾಗ ಜನ ಅವನು ಬರುವುದನ್ನು ಕಂಡು ಬಾಗಿಲು ಹಾಕಿಕೊಂಡರು.

ಎರಡನೆಯ ವಾರದ ಕೊನೆಗೆ ಕೆಳಗಿನ ಸೈಕಲ್ ಅಂಗಡಿಯವನು ಲೋಟ ಹಿಡಿದುಕೊಂಡು ಮೇಲೆ ಬಂದ. ಲೋಟದ ಟೀಯಲ್ಲಿ ಸುಣ್ಣದ ಹಕ್ಕಳೆ ತೇಲುತ್ತಿತ್ತು. "ಅಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದೋ ಕೂತ್ಕೊಳ್ಳಿ, ಇಲ್ಲಾ ಮಲಕ್ಕೊಳ್ಳಿ. ನನ್ನ ಚಾವಣಿ ನನ್ನ ಲೋಟಕ್ಕೇ ಬೀಳ್ತಾ ಇದೆ."

ಚಿಕ್ಕಮ್ಮ ಬಹಳ ದಿನಗಳ ಮೇಲೆ, ಪ್ಲಾಸ್ಟರು ಅದುರುವಷ್ಟು, ನಕ್ಕಳು.

ಇಪ್ಪತ್ತಮೂರನೆಯ ದಿನ ಮಾತ್ರ ನಾನು ಹೆದರಿದೆ. ಬೆಳಗಿನಿಂದ ಗಾಳಿ ಅದ್ಭುತವಾಗಿತ್ತು. ಬಂದರಿನಲ್ಲಿ ನಿಂತಿದ್ದ ಹಾಯಿದೋಣಿಗಳೆಲ್ಲ ಒಂದೊಂದಾಗಿ ಬಿಳಿ ಬಿಚ್ಚಿ ಹೊರಬಿದ್ದವು. ಬರಿಗಂಬದ ಒಂದು ದೋಣಿ ಮಾತ್ರ ಉಳಿಯಿತು. ಚಿಕ್ಕಪ್ಪ ಕಿಟಕಿಯ ಸರಳುಗಳನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದ. ಊಟ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಸಿಗೆಯ ಬಳಿ ಬಂದು, ಯಾರ ಮುಖವನ್ನೂ ನೋಡದೆ, "ಹಾಯಿಗೆ ಬೂಷ್ಟು ಹಿಡಿದಿರಬಹುದು. ಒಂದು ಸಲ ತೆಗೆದು ನೋಡ್ತೀನಿ," ಎಂದ. ಆಗಲೇ ಹಾಸಿಗೆಯ ಅಂಚಿಗೆ ಕೈ ಹಾಕಿದ್ದ.

ಚಿಕ್ಕಮ್ಮ ಬೇಡವೆನ್ನಲಿಲ್ಲ. "ನೋಡಿ," ಎಂದಳು. ಅವನಿಗೆ ಹಾಯಿ ಎಳೆಯಲು ಅನುವಾಗಲೆಂದು ಎರಡೂ ಅಂಗೈಗಳನ್ನು ಮಂಚಕ್ಕೆ ಊರಿ, ತುಟಿ ಕಚ್ಚಿ, ಆ ಭಾರದ ಕಾಲಿನೊಂದಿಗೆ ತನ್ನನ್ನು ತಾನೇ ಮೇಲಕ್ಕೆ ಎತ್ತತೊಡಗಿದಳು. ಹಣೆಯ ಮೇಲೆ ಬೆವರಿನ ಹನಿಗಳು ಮೂಡಿದವು. ಚಿಕ್ಕಪ್ಪನ ಕೈ ಹಾಸಿಗೆಯ ಅಂಚಿನಲ್ಲಿ ಹಾಗೇ ನಿಂತಿತು.

"ಬೇಡ. ಬೇಡ ಕಣೇ. ಮಲಗು," ಎಂದವನೇ ಹೊರಗೆ ಹೋದ.

ಬಂದರಿನ ಕಡೆ ಹೋದನೆಂದು ನಾನು ಧಾವಿಸಿ ಬಾಗಿಲು ತೆರೆದರೆ, ಅವನು ಮೆಟ್ಟಿಲ ನಡುವೆ ಕುಸಿದು, ಕೈಹಿಡಿಕೆಯ ಕಂಬವನ್ನು ಅಪ್ಪಿಕೊಂಡು ಕೂತಿದ್ದ. ನಾನು ಎರಡು ಮೆಟ್ಟಿಲು ಮೇಲೆ ಕೂತೆ. ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ ಚಕ್ರ ತಿರುಗಿಸಿ ನೋಡುತ್ತಿದ್ದರು. ಅದು ನಿಂತ ಮೇಲೆ ಅವನು ಬಾಯಿ ಬಿಟ್ಟ.

"ಎದೆ ಒಳಗೆ ಯಾರೋ ಗಂಟೆ ಬಾರಿಸಿದ ಹಾಗೆ ಆಗುತ್ತೆ, ಮಗಳೇ. ಹೊರಡು ಹೊರಡು ಅಂತ. ಚಿಕ್ಕವನಿದ್ದಾಗಿನಿಂದ ಹಾಗೇ. ನಿಮ್ಮಪ್ಪನಿಗೆ ಹೇಗೆ ಹೇಳೋದು ಅದನ್ನ?" ಕಂಬಕ್ಕೆ ಹಣೆ ಒತ್ತಿ, ತನಗೆ ತಾನೇ ಎಂಬಂತೆ ಹೇಳಿದ: "ಇವಳಿಗೆ ಇಪ್ಪತ್ತಮೂರು ದಿನ ಕೊಟ್ಟೆ. ಅಮ್ಮನಿಗೆ ಒಂದೇ ದಿನ ಸಾಕಿತ್ತು."

ನಾನು ಸಮಾಧಾನದ ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವನು ಅಂದದ್ದು ನಿಜವಾಗಿತ್ತು.

ಅಲ್ಲಿಂದ ಮುಂದೆ ಅವನು ಹಾಯಿಯ ಮಾತೆತ್ತಲಿಲ್ಲ. ನಾನು ಮರಳಿ ಅಚ್ಚುಮನೆಗೆ ಹೋದ ಮೇಲಿನದನ್ನು ಚಿಕ್ಕಮ್ಮ ಆಮೇಲೆ ಹೇಳಿದಳು. ತೂಕ ಇಳಿದುಹೋಗಿ ಕೋಟು ಅವನ ಮೈಮೇಲೆ ಮೊಳೆಗೆ ತಗುಲಿಸಿದಂತೆ ಕಾಣುತ್ತಿತ್ತಂತೆ. ಪ್ಲಾಸ್ಟರು ಒಡೆದ ದಿನ ಆಕೆಯ ತೋಳು ಹಿಡಿದು ಹನ್ನೊಂದು ಹೆಜ್ಜೆಯ ಕೋಣೆಯನ್ನು ದಾಟಿಸಲು ಅರ್ಧ ಗಂಟೆ ತೆಗೆದುಕೊಂಡನಂತೆ. ಅವನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಅವನು ಎಲ್ಲಿಗೂ ಹೋದವನಲ್ಲ. ಹಾಯಿಗಳನ್ನು ಹೊರಗೆ ಎಳೆದು ನೋಡಿದರೆ ನಿಜವಾಗಿಯೂ ಬೂಷ್ಟು ಹಿಡಿದು, ಮಡಿಕೆಗಳಲ್ಲಿ ಬಟ್ಟೆ ಜೀರ್ಣವಾಗಿತ್ತು. ಚಿಕ್ಕಮ್ಮ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಕೈಯಿಂದಲೇ ಮೆಷಿನ್ನಿನ ಚಕ್ರ ತಿರುಗಿಸಿ, ಎರಡು ದಿನ ತೇಪೆ ಹಾಕಿದಳು. ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕತ್ತರಿಸಿ, ಮಡಿಸಿ, ಅವನ ಕೈಗಿಟ್ಟು "ಹೊರಡಿ," ಎಂದಳು.

"ಇನ್ನೂ ಎರಡು ದಿನ ಇರ್ತೀನಿ. ನಿನಗೆ ಸರಿಯಾಗಿ ನಡೆಯೋಕೆ ಬರಲಿ."

"ಬೇಡ ರೀ. ನಿಮ್ಮನ್ನ ನೋಡಿ ನೋಡಿ ನನ್ನ ಮುರಿದ ಕಾಲೇ ಎದ್ದು ಓಡೋ ಹಾಗಿದೆ. ಹೋಗಿ ಬನ್ನಿ."

ಈ ಘಟನೆಯಿಂದ ಅವನು ಬದಲಾದನೆಂದು ಬರೆಯಲು ನನಗೂ ಆಸೆಯಿದೆ. ಓದುವವರಿಗೂ ಅದು ಹಿತವಾದೀತು. ಆದರೆ ಬದಲಾಗಲಿಲ್ಲ. ಐದು ವಾರದ ನಂತರ ಬಂದ, ಮೂರು ದಿನ ಇದ್ದ, ನಾಲ್ಕನೆಯ ಬೆಳಗು ಇರಲಿಲ್ಲ. ಈಗ ಅವನಿಗೆ ಎಪ್ಪತ್ತು ದಾಟಿದೆ. ಮಂಡಿ ನೋಯುತ್ತದೆ, ಲಂಗರು ಎತ್ತುವಾಗ ಎರಡು ಸಲ ನಿಂತು ಉಸಿರಾಡುತ್ತಾನೆ, ಕಣ್ಣಿನ ಪೊರೆಯಿಂದ ಹವಳದ ಕಂದೂ ಮರಳಿನ ಹಸಿರೂ ಬೆರೆತುಹೋಗುತ್ತವೆ, ಹೋಗುವುದನ್ನು ನಿಲ್ಲಿಸಿಲ್ಲ. ನಾನು ಆ ಆರು ವಾರಗಳ ಕಥೆಯನ್ನು ಅಪ್ಪನಿಗೆ ಪೂರ್ತಿ ಹೇಳಿದೆ. ಅವರು ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಊಟ ಸರಿಯಾಗಿ ಮಾಡ್ತಾನಂತಾ?" ಎಂದು ಕೇಳಿದರು. ಹಲವು ವರ್ಷಗಳಲ್ಲಿ ಅವರು ತಮ್ಮನ ಬಗ್ಗೆ ಆಡಿದ ಮೊದಲ ಮಾತು ಅದು. ಅದಕ್ಕಿಂತ ಮುಂದೆ ಅವರೂ ಹೋಗಲಿಲ್ಲ.

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟುವ ಇಂಥ ಜೀವಗಳು ಎಲ್ಲ ಮನೆತನಗಳಲ್ಲೂ ತಲೆಮಾರಿಗೆ ಒಂದಾದರೂ ಇರುತ್ತವೆ. ಅವರನ್ನು ನಂಬಿ ಅಡಿಗೆ ಇಡಬಾರದು. ಕಾದು ಕೂತವರ ಕಣ್ಣು ಸೋಲುತ್ತದೆ, ತೊಳೆದಿಟ್ಟ ತಟ್ಟೆ ಒಣಗುತ್ತದೆ. ಅವರಿಂದಾದ ನೋವನ್ನು ಯಾವ ಸಮರ್ಥನೆಯೂ ಮಾಯಿಸಲಾರದು. ಆದರೂ, ಅವರು ಒಮ್ಮೆ ಯಾರಿಗಾಗಿಯಾದರೂ ನಿಂತರೆಂದರೆ ಆ ನಿಲುವಿನ ಒಂದೊಂದು ದಿನವೂ ಅವರು ತಮ್ಮ ಮೈಯಿಂದ ಕಿತ್ತು ಕೊಟ್ಟದ್ದಾಗಿರುತ್ತದೆ. ಮನೆಯಲ್ಲೇ ಇರುವ ನಾವು ಹಾಗಲ್ಲ. ಒಂದೇ ಕುರ್ಚಿ, ಒಂದೇ ಗೋಡೆ, ಒಂದೇ ಬೀದಿಯಲ್ಲಿ ಮೂವತ್ತು ವರ್ಷ ಉಳಿದು, ಅದಕ್ಕೆ ನಿಷ್ಠೆಯೆಂದೂ ಪ್ರೀತಿಯೆಂದೂ ಹೆಸರಿಟ್ಟು, ಅಂಥವರ ಮೇಲೆ ತೀರ್ಪು ಬರೆಯುತ್ತೇವೆ. ನಮ್ಮನ್ನು ಯಾವ ಗಾಳಿಯೂ ಎಂದೂ ಕರೆಯಲಿಲ್ಲವೆಂಬ ಸಣ್ಣ ಸಂಗತಿಯನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.